ಜಲಪಾತ ನೋಡಲು ಹೊರಟಿರಾ?

ಅರಕಲಗೂಡು ದಾಟಿ ಕೊಡಗಿನ ಸೋಮವಾರಪೇಟೆ ಕಡೆಗೆ ಹೋದರೆ, ಪುಷ್ಪಗಿರಿ ಬೆಟ್ಟದ ತಪ್ಪಲಲ್ಲಿ ಮಲ್ಲಳ್ಳಿ ಜಲಪಾತವಿದೆ. ಕುಮಾರಧಾರಾ ನದಿ ಇಲ್ಲಿ ಸುಮಾರು 60 ಮೀಟರ್ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಭೋರ್ಗರೆಯುವ ಈ ಜಲಪಾತ ಬೇಸಿಗೆಯಲ್ಲಿ ಸೊರಗುತ್ತದೆ. ಆದ್ದರಿಂದ ಮಳೆ ತಗ್ಗಿದ ಮೇಲೆ ಹೋಗುವುದು ಒಳ್ಳೆಯದು.

ಚನ್ನರಾಯಪಟ್ಟಣದಲ್ಲಿ ಬಿಸಿಲಿದ್ದರೆ ಅಲ್ಲಿಯೂ ಬಿಸಿಲಿರುತ್ತದೆಯೆ? ಇರಲೇಬೇಕೆಂದಿಲ್ಲ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಅಲ್ಲಿ ತಣ್ಣಗಾಗಿ ಹೆಚ್ಚು ಮಳೆ ಸುರಿಸುತ್ತದೆ. ನೀವು ನಿಂತಲ್ಲಿ ಒಂದು ಹನಿಯೂ ಬೀಳದಿರಬಹುದು. ಆದರೆ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಕಡಿದಾದ ಬಂಡೆಗಳ ಮೇಲೆ ಇಂಗದೆ ಹರಿದು, ಹೊಳೆಯನ್ನು ಕೆಲವೇ ನಿಮಿಷಗಳಲ್ಲಿ ಉಕ್ಕಿಸಬಲ್ಲದು.

ತಿಳಿನೀರು ಕೆಂಪಾಯಿತೆ? ಎಲೆ, ಕಡ್ಡಿ ತೇಲಿ ಬರುತ್ತಿವೆಯೆ? ಸದ್ದು ಜೋರಾಯಿತೆ? ಇವು ನೀರು ಏರುವ ಸೂಚನೆಗಳು. ಚೀಲ, ಚಪ್ಪಲಿಗಾಗಿ ಹಿಂತಿರುಗಬೇಡಿ. ಕೂಡಲೇ ಎತ್ತರದ ಜಾಗಕ್ಕೆ ಹೋಗಿ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಅದನ್ನು ಹತ್ತಬೇಡಿ.

ಹೊರಡುವ ಮುನ್ನ:
• ಜಲಪಾತವಿರುವ ಊರಿನ ಹವಾಮಾನ ವರದಿ ಕೇಳಿ.
• ದೊಡ್ಡವರ ಜೊತೆಯಲ್ಲೇ ಹೋಗಿ.
• ಬುತ್ತಿ, ಕುಡಿಯುವ ನೀರು ಇರಲಿ.
• ಮರಳುವ ಹೊತ್ತನ್ನು ಮನೆಯಲ್ಲಿ ತಿಳಿಸಿ.
• ಕತ್ತಲಾಗುವ ಮೊದಲೇ ಹಿಂತಿರುಗಿ.

ಮಾಡಿ ನೋಡಿ: ಒಂದು ಚೊಂಬು ನೀರನ್ನು ಇಳಿಜಾರಾದ ಚಪ್ಪಡಿ ಕಲ್ಲಿನ ಮೇಲೆ, ಇನ್ನೊಂದನ್ನು ಹುಲ್ಲು ಬೆಳೆದ ಇಳಿಜಾರಿನ ಮೇಲೆ ಸುರಿಯಿರಿ. ಯಾವುದು ಬೇಗ ಕೆಳಗೆ ತಲುಪಿತು? ಏಕೆ?