ಮೊದಲು ಪಕ್ಕದವರ ಕಡೆ ತಿರುಗಿ

ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಸಾಲು ನಿಲ್ಲುವ ಮುನ್ನ ನಾವು ಕಥೋಲಿಕರು ಅಕ್ಕಪಕ್ಕದವರ ಕಡೆ ತಿರುಗಿ, ಕೈಮುಗಿದು ಶಾಂತಿ ಹಾರೈಸುತ್ತೇವೆ. ಅರ್ಧ ನಿಮಿಷದ ಈ ಕ್ರಮದ ಹಿಂದೆ ಗಟ್ಟಿಯಾದ ಮಾತೊಂದಿದೆ.

ಕಾಣಿಕೆ ಅರ್ಪಿಸಲು ಬಂದವನಿಗೆ, ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗಬೇಕು ಎಂದು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳುತ್ತಾರೆ. ಗಮನಿಸಿ, ಇಲ್ಲಿ ಮುನಿಸು ಇರುವುದು ಅವನಿಗೆ, ಹೊರಡಬೇಕಾದವನು ನಾನು. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯುವಂತಿಲ್ಲ.

ಪಾಪನಿವೇದನೆಯದ್ದೂ ಇದೇ ದಾರಿ. ಗುರುಗಳ ಮುಂದೆ ಹೇಳಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂಬುದು ನಮ್ಮ ನಂಬಿಕೆ. ಆದರೆ ಕದ್ದದ್ದನ್ನು ಹಿಂದಿರುಗಿಸಲೇಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಲೇಬೇಕು. ಮನುಷ್ಯರನ್ನು ಬಳಸಿಕೊಂಡು ದೇವರ ಬಳಿಗೆ ಹೋಗುವ ಅಡ್ಡದಾರಿ ಇಲ್ಲ.

ಇದು ಎಲ್ಲಿಯವರೆಗೆ ಹೋಗಬಲ್ಲದು? ಕೇರಳದ ಕ್ರೈಸ್ತ ಸನ್ಯಾಸಿನಿ ರಾಣಿ ಮರಿಯ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರನ್ನು ಸಾಲದ ಶೂಲದಿಂದ ಬಿಡಿಸಲು ದುಡಿಯುತ್ತಿದ್ದರು. 1995ರ ಫೆಬ್ರುವರಿ 25ರಂದು ಬಸ್ ಪ್ರಯಾಣದ ನಡುವೆ ಸಮಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. 2002ರಲ್ಲಿ ಅವರ ತಂಗಿ, ಸಿಸ್ಟರ್ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ಮನೆಯವರೂ ಅವನ ಬಿಡುಗಡೆಗೆ ಬೇಡಿಕೊಂಡರು. 2006ರಲ್ಲಿ ಹೊರಬಂದ ಆತ ಮುಂದೆ ಕೇರಳದ ಅವರ ಮನೆಗೂ ಹೋಗಿಬಂದ. ಸತ್ತವರು ಮರಳಲಿಲ್ಲ, ಕೊಲೆ ಚಿಕ್ಕದಾಗಲಿಲ್ಲ. ಆದರೆ ಅಣ್ಣ ಎನ್ನಲು ಒಬ್ಬರು ಮುಂದೆ ಬಂದರು.

ನಮ್ಮ ಮನೆಯ ಜಗಳ ಅದರ ಮುಂದೆ ಏನೇನೂ ಅಲ್ಲ. ತೋಟದ ಗಡಿಯ ವಿಷಯಕ್ಕೆ ಅಪ್ಪ, ದೊಡ್ಡಪ್ಪ ಮಾತು ಬಿಟ್ಟು ಆರು ವರ್ಷ. ಇಗರ್ಜಿ ಒಂದೇ, ಬೆಂಚು ಬೇರೆ. ಕಳೆದ ಕ್ರಿಸ್‌ಮಸ್‌ಗೆ ಅಮ್ಮ ಕುಸ್ವಾರ್ ತಟ್ಟೆ ಕೊಟ್ಟು, ‘ದೊಡ್ಡಪ್ಪನ ಮನೆಗೆ ಕೊಟ್ಟು ಬಾ’ ಎಂದರು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ; ಬೇಡ ಎನ್ನಲೂ ಇಲ್ಲ. ದೊಡ್ಡಮ್ಮ ಬಾಗಿಲಲ್ಲೇ ತಟ್ಟೆ ತೆಗೆದುಕೊಂಡು, ‘ಕಾಲೇಜು ಮುಗಿಯಿತಾ? ಕೆಲಸ ಸಿಕ್ಕಿತಾ?’ ಎಂದು ಕೇಳಿದರು. ಮರುದಿನ ತಟ್ಟೆ ನೆವ್ರಿ ತುಂಬಿಕೊಂಡು ವಾಪಸ್ ಬಂತು. ಗಡಿಯ ತಕರಾರು ಇನ್ನೂ ಹಾಗೇ ಇದೆ. ತಟ್ಟೆಗೆ ಮಾತ್ರ ದಾರಿ ಸಿಕ್ಕಿದೆ.

ಪಿ.ಜಿ.ಯ ರೂಮಿನಲ್ಲಿ, ಕಾಲೇಜಿನಲ್ಲಿ ನಾವೂ ಎಷ್ಟೋ ಜನರನ್ನು ಬ್ಲಾಕ್ ಮಾಡಿರುತ್ತೇವೆ. ಹಿರಿಯರ ಜಗಳಗಳು ನಮಗೆ ಆಸ್ತಿಯಂತೆ ಬಂದಿರುತ್ತವೆ. ಆ ಆಸ್ತಿಯಲ್ಲಿ ಪಾಲು ಬೇಡ ಎನ್ನುವ ಹಕ್ಕು ನಮಗಿದೆ.