ಹತ್ತು ಮಿಲಿಸೆಕೆಂಡಿನ ಲೆಕ್ಕ

ಪುಣೆಗೆ ಬಂದು ಎಂಟು ವರ್ಷವಾಯಿತು. ಸಾಫ್ಟ್‌ವೇರ್ ಕೆಲಸ ಎಂದ ಕೂಡಲೇ ಊರಲ್ಲಿ ಕೇಳುವುದು, ‘ಯಾವ ಆ್ಯಪ್ ಮಾಡೀಯಪಾ?’ ಎಂದು. ನಾನು ಬರೆಯುವ ಪ್ರೋಗ್ರಾಮಿಗೆ ಪರದೆಯೇ ಇಲ್ಲ. ಅದು ಇರುವುದು ಬೈಕಿನೊಳಗಿನ ಒಂದು ಪುಟ್ಟ ಡಬ್ಬಿಯಲ್ಲಿ, ಬ್ರೇಕ್ ಕಾಯುತ್ತ.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಮಳೆಯಲ್ಲಿ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ನಿಂತೇಬಿಟ್ಟು ಗಾಡಿ ಜಾರುತ್ತದಲ್ಲ, ಅದನ್ನು ತಡೆಯುವುದು ಇದರ ಕೆಲಸ. ಚಕ್ರದ ವೇಗವನ್ನು ಸೆನ್ಸರ್ ಓದುತ್ತಲೇ ಇರುತ್ತದೆ. ವೇಗ ಥಟ್ಟನೆ ಕುಸಿದರೆ ಬ್ರೇಕಿನ ಒತ್ತಡ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು, ಸೆಕೆಂಡಿಗೆ ಹಲವು ಸಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತು ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಗಾಡಿ ಸುಮಾರು 17 ಸೆಂ.ಮೀ. ಮುಂದೆ ಹೋಗಿರುತ್ತದೆ. ಉತ್ತರ ಸರಿಯಿದ್ದೂ ತಡವಾದರೆ ಇಲ್ಲಿ ಅದು ತಪ್ಪು ಉತ್ತರವೇ.

ತೊಂದರೆ ಏನೆಂದರೆ, ಅದೇ ಪ್ರೊಸೆಸರ್ ಬೇರೆ ಚಾಕರಿಯನ್ನೂ ಮಾಡಬೇಕು: ದೀಪ ಹೊತ್ತಿಸುವುದು, ದೋಷಗಳನ್ನು ದಾಖಲಿಸುವುದು. ಬ್ರೇಕಿಗೆ ಮೊದಲ ಆದ್ಯತೆ ಕೊಟ್ಟರೆ ಸಾಕಲ್ಲವೇ? ಸಾಲದು. ತಾಲ್ಲೂಕು ಕಚೇರಿಯನ್ನು ನೆನೆಸಿಕೊಳ್ಳಿ. ತಹಶೀಲ್ದಾರರಿಗೆ ತುರ್ತಾಗಿ ಬೇಕಾದ ಕಡತ ಗುಮಾಸ್ತರ ಕೈಯಲ್ಲಿದೆ. ಗುಮಾಸ್ತರನ್ನು ಶಿರಸ್ತೇದಾರರು ಇನ್ನಾವುದೋ ಕೆಲಸಕ್ಕೆ ಹಚ್ಚಿದ್ದಾರೆ. ಎಲ್ಲರಿಗಿಂತ ದೊಡ್ಡವರೇ ಸುಮ್ಮನೆ ಕಾಯುತ್ತ ಕೂರಬೇಕು!

1997ರ ಜುಲೈನಲ್ಲಿ ಮಂಗಳನ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್‌ನಲ್ಲಿ ಆದದ್ದೂ ಇದೇ. ಹವಾಮಾನದ ಮಾಹಿತಿ ಕಲೆಹಾಕುವ ಕೆಳದರ್ಜೆಯ ಟಾಸ್ಕ್ ಒಂದು ಬೀಗ ಹಿಡಿದಿತ್ತು. ನಡುವಿನ ದರ್ಜೆಯ ಸಂವಹನ ಟಾಸ್ಕ್ ಅದಕ್ಕೆ ಅಡ್ಡಬಂತು. ಆ ಬೀಗಕ್ಕಾಗಿ ಮೇಲಿನ ದರ್ಜೆಯ ಟಾಸ್ಕ್ ಕಾದು ಕುಳಿತಿತು. ಸಮಯ ಮೀರಿದ್ದೇ ತಡ, ಕಂಪ್ಯೂಟರ್ ತಾನಾಗಿ ರೀಸೆಟ್. ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಅದೇ ದೋಷವನ್ನು ಮರಳಿ ಬರಿಸಿ ನೋಡಿ, ಆಫ್ ಆಗಿದ್ದ ಒಂದು ಆಯ್ಕೆಯನ್ನು ಇಲ್ಲಿಂದಲೇ ಆನ್ ಮಾಡಿದರು.

ಆ ಆಯ್ಕೆಯ ಹಿಂದೆ ಇದ್ದದ್ದು ಶಾ, ರಾಜ್‌ಕುಮಾರ್, ಲೆಹೋಕ್ಜ್‌ಕಿ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಬಂಧ. ಕಡತ ಬಿಟ್ಟುಕೊಡುವವರೆಗೆ ಗುಮಾಸ್ತರಿಗೇ ತಹಶೀಲ್ದಾರರ ದರ್ಜೆ ಕೊಡಿ, ನಡುವೆ ಯಾರೂ ಬರಲಾರರು — ಇಷ್ಟೇ ಉಪಾಯ. ಎಂಟೆಕ್‌ನಲ್ಲಿ ಓದಿದಾಗ ನನಗೆ ಕಂಡದ್ದು ಬರೀ ಪ್ರಮೇಯಗಳು. ಇವತ್ತು ನಮ್ಮ ಡಬ್ಬಿಯೊಳಗೂ ಅದೇ ಕುಟುಂಬದ ಉಪಾಯ ಕೂತಿದೆ.

ನಮ್ಮ ಲ್ಯಾಬಿನಲ್ಲಿ ಡಬ್ಬಿ ಮಾತ್ರ ಅಸಲಿ. ಬೈಕು, ಒದ್ದೆ ರಸ್ತೆ, ಕೆಸರು, ಸವಾರ ಎಲ್ಲವೂ ಕಂಪ್ಯೂಟರಿನೊಳಗೆ. ಬೀಳುವ ಭಯವಿಲ್ಲದೆ ರಾತ್ರಿಯಿಡೀ ಬ್ರೇಕ್ ಹಾಕಬಹುದು. ‘ಸಾವಿರಾರು ಸಲ ಪಾಸಾಗಿದೆ, ಇನ್ನೇನು ಬೇಕು?’ ಎಂಬುದು ಮ್ಯಾನೇಜರರ ಪ್ರಶ್ನೆ. ಅವರದೂ ತಪ್ಪಲ್ಲ, ಗ್ರಾಹಕ ಕಂಪನಿಯ ಗಡುವು ಅವರ ತಲೆಯ ಮೇಲಿದೆ. ಆದರೆ ಪರೀಕ್ಷೆ ಹೇಳುವುದು ಆದದ್ದನ್ನು ಮಾತ್ರ. ಎಲ್ಲ ಟಾಸ್ಕುಗಳೂ ಒಂದೇ ಕ್ಷಣಕ್ಕೆ ಎದ್ದುಬಂದರೆ ಬ್ರೇಕು ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಮೂರು ವರ್ಷದ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವವರನ್ನು ದಿನಾ ಸಿಗ್ನಲ್ಲಿನಲ್ಲಿ ನೋಡುತ್ತೇನೆ.

ಈ ಲೆಕ್ಕಕ್ಕೆ ಎರಡು ವಾರ ಕೇಳಿದ್ದೆ. ಒಂದು ವಾರ ಸಿಕ್ಕಿದೆ. ಇನ್ನೂ ನಾಲ್ಕು ಟಾಸ್ಕ್ ಬಾಕಿ ಇವೆ.