ನಿಮಗಿದು ಗೊತ್ತೇ? ಆಗುಂಬೆಗೆ ಹೊರಟ ಶಾಲಾ ಬಸ್ಸಿಗೊಂದಿಷ್ಟು ಬುತ್ತಿ

ಶಾಲಾ ಪ್ರವಾಸದಲ್ಲಿ ಆಗುಂಬೆಗೆ ಸಿಗುವುದು ಸಾಮಾನ್ಯವಾಗಿ ಒಂದು ಸಂಜೆ. ಶೃಂಗೇರಿ ಮುಗಿಸಿ ಬಂದು, ಸೂರ್ಯಾಸ್ತ ನೋಡಿ, ಫೋಟೊ ತೆಗೆಸಿಕೊಂಡು ಘಟ್ಟ ಇಳಿಯುತ್ತಾರೆ. ಸೂರ್ಯಾಸ್ತ ಚೆಂದವೇ, ನೋಡಲಿ. ಆದರೆ ಹಾಗೆ ಪಶ್ಚಿಮಕ್ಕೆ ಮುಖ ಮಾಡಿ ನಿಂತ ಮಕ್ಕಳ ಬೆನ್ನ ಹಿಂದಿರುವುದು ಉಷ್ಣವಲಯದ ಮಳೆಕಾಡು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅಮೆಜಾನ್, ಕಾಂಗೋ ಎಂದು ಓದಿದ್ದೆಲ್ಲ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಕಣ್ಣಿಗೆ ಬೀಳುತ್ತದೆ. ಈ ಸಲದ ಅಂಕಣ ಆ ಮಕ್ಕಳಿಗೆ, ಅವರ ಮೇಷ್ಟ್ರುಗಳಿಗೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿಲಿಮೀಟರ್ ಮಳೆ ಬೀಳುತ್ತದೆ. ಅದು ಬೆಂಗಳೂರಿನ ಮಳೆಯ ಏಳೆಂಟು ಪಟ್ಟು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ ದಾಖಲಾದದ್ದು 4,508 ಮಿ.ಮೀ. ಬೆಂಗಳೂರಿನಲ್ಲಿ ಅಷ್ಟು ಮಳೆಯಾಗಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು.

ಇಷ್ಟೊಂದು ಮಳೆ ಇಲ್ಲೇ ಯಾಕೆ? ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಮುಂಗಾರು ಗಾಳಿಗೆ ಕರಾವಳಿ ದಾಟುತ್ತಿದ್ದಂತೆ ಎದುರಾಗುವುದು ಸುಮಾರು 650 ಮೀಟರ್ ಎತ್ತರದ ಕಡಿದಾದ ಘಟ್ಟ. ಗಾಳಿ ಮೇಲೇರಲೇಬೇಕು. ಏರಿದಂತೆ ತಣ್ಣಗಾಗುತ್ತದೆ, ತೇವ ಹನಿಗಟ್ಟಿ ಅಲ್ಲೇ ಸುರಿಯುತ್ತದೆ. ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ. ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತದ ಕಟ್ಟೆಯಿಂದ ದೂರದ ಸಮುದ್ರದ ಗೆರೆ ಕಾಣುತ್ತದೆ. ಮೋಡ ಬರುವ ದಾರಿಯನ್ನು ಮಕ್ಕಳಿಗೆ ಬೆರಳು ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಳೆಕಾಡಿನ ನೆಲಕ್ಕೆ ತಲುಪುವುದು ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಈ ಕತ್ತಲೆಯಿಂದಾಗಿಯೇ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಕಾಡಿಗೆ ಜನ ಕತ್ತಲೆಕಾನು ಎಂದೇ ಹೆಸರಿಟ್ಟಿದ್ದಾರೆ.

ಮಳೆಕಾಡಿನ ಅನೇಕ ಮರಗಳ ಎಲೆಯ ತುದಿ ಬಾಲದಂತೆ ಉದ್ದಕ್ಕೆ ಚೂಪಾಗಿರುತ್ತದೆ. ಬಿದ್ದ ನೀರು ಆ ತುದಿಯಿಂದ ಬೇಗ ಹರಿದುಹೋಗುತ್ತದೆ. ಹಾಗೆ ಹರಿಯದೆ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇದ್ದರೆ ಎಲೆಯ ಮೇಲೆ ಪಾಚಿ, ಬೂಷ್ಟು ಬೆಳೆಯುತ್ತದೆ.

ಇಷ್ಟು ದಟ್ಟ ಕಾಡು ಬೆಳೆದ ಮಣ್ಣು ಬಲು ಫಲವತ್ತಾಗಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಿಜ ಸಂಗತಿ ಬೇರೆ. ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆದು ಒಯ್ಯುತ್ತಲೇ ಇರುತ್ತದೆ. ಕಾಡಿನ ಸಂಪತ್ತು ಇರುವುದು ಮರಗಳ ಮೈಯಲ್ಲಿ, ನೆಲದ ಮೇಲಿನ ತರಗೆಲೆಯಲ್ಲಿ. ಬಿದ್ದ ಎಲೆಯನ್ನು ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ಬೇಗ ಕೊಳೆಸುತ್ತವೆ, ಮೇಲ್ಮಣ್ಣಿನಲ್ಲೇ ಹರಡಿದ ಬೇರುಗಳು ಅದನ್ನು ಕೂಡಲೇ ಹೀರಿಕೊಳ್ಳುತ್ತವೆ. ಅಂಗೈಯಗಲದ ತರಗೆಲೆಯನ್ನು ಸರಿಸಿದರೆ ಬಿಳಿ ನೂಲಿನಂಥ ಶಿಲೀಂಧ್ರದ ಎಳೆಗಳು ಬರಿಗಣ್ಣಿಗೇ ಕಾಣುತ್ತವೆ. ನೋಡಿದ ಮೇಲೆ ಎಲೆಯನ್ನು ಮತ್ತೆ ಮುಚ್ಚಿಬಿಡಿ. ಮರ, ತರಗೆಲೆಗಳ ಜೊತೆಗೇ ಆ ಸಂಪತ್ತೂ ಹೋಗುವುದರಿಂದಲೇ ಕಾಡು ಕಡಿದ ಜಾಗ ಕೆಲವೇ ಮಳೆಗಾಲಗಳಲ್ಲಿ ಬರಡಾಗುತ್ತದೆ.

ಇನ್ನು ಉಂಬಳ, ಅಂದರೆ ಕಾಡಿನ ಜಿಗಣೆ. ಕೆಲವು ಕಡೆ ಇಂಬಳ ಎನ್ನುತ್ತಾರೆ. ಮಕ್ಕಳಿಗಿಂತ ಪಾಲಕರಿಗೇ ಇದರ ಭಯ ಹೆಚ್ಚು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾಲುದಾರಿಯ ಪಕ್ಕದ ಎಲೆಯ ಅಂಚಿನಲ್ಲಿ ಹಿಂಬದಿಯ ಹೀರುಬಟ್ಟಲನ್ನು ಊರಿ, ಮುಂಬದಿಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತ ಅದು ಕಾದಿರುತ್ತದೆ. ತಲೆಯ ಮೇಲೆ ಐದು ಜೊತೆ ಕಣ್ಣುಗಳಿವೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಬಿಡುವ ಉಸಿರು ಎಲ್ಲವೂ ಅದಕ್ಕೆ ತಿಳಿಯುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಅದು ಗಾಯದೊಳಗೆ ಬಿಡುವುದರಿಂದ, ಉಂಬಳ ಉದುರಿಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಅಷ್ಟಕ್ಕೆ ಹೆದರಬೇಕಿಲ್ಲ. ಕಚ್ಚಿರುವ ಉಂಬಳಕ್ಕೆ ಬೆಂಕಿ ತಾಗಿಸುವುದು, ಉಪ್ಪು ಸುರಿಯುವುದು ಬೇಡ. ಹೊಟ್ಟೆಯಲ್ಲಿದ್ದುದನ್ನು ಅದು ಗಾಯಕ್ಕೇ ಕಕ್ಕಬಹುದು. ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಜಾರಿಸಿದರೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಸೋಪು ಹಾಕಿ ತೊಳೆದು, ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಹೋಗುವುದು ಮಲೆನಾಡಿನವರ ಹಳೆಯ ಉಪಾಯ. ಮಕ್ಕಳಿಗಾದರೆ ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿಬಿಡಿ.

ಈ ಉಂಬಳ ವಿಜ್ಞಾನಿಗಳ ಸಹಾಯಕ ಕೂಡ. ಅದರ ಹೊಟ್ಟೆಯಲ್ಲಿ ಉಳಿದ ರಕ್ತದ ಡಿಎನ್ಎ ಪರೀಕ್ಷಿಸಿದರೆ ಆ ಕಾಡಿನಲ್ಲಿ ಯಾವ ಪ್ರಾಣಿಗಳಿವೆ ಎಂದು ತಿಳಿಯುತ್ತದೆ. 2012ರಲ್ಲಿ ವಿಯೆಟ್ನಾಂನ ಮಳೆಕಾಡಿನಿಂದ ತಂದ ಉಂಬಳಗಳಲ್ಲಿ ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪವಾದ ಒಂದು ಪಟ್ಟೆಮೊಲದ ಡಿಎನ್ಎ ಪತ್ತೆಯಾಯಿತು.

ಆಗುಂಬೆ ಎಂದರೆ ಕಾಳಿಂಗ. ಲೋಕದ ವಿಷದ ಹಾವುಗಳಲ್ಲೆಲ್ಲ ಅತಿ ಉದ್ದದ್ದು ಇದು. 18 ಅಡಿಯವರೆಗೆ ಬೆಳೆದ ದಾಖಲೆಗಳಿವೆ. ಇದರ ಮುಖ್ಯ ಆಹಾರ ಬೇರೆ ಹಾವುಗಳು. ಮೊಟ್ಟೆಗಾಗಿ ಎಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಇದೊಂದೇ. ಕೈಕಾಲಿಲ್ಲದ ತಾಯಿ ಮೈಯನ್ನೇ ಸುರುಳಿ ಮಾಡಿ ತರಗೆಲೆ, ಬಿದಿರೆಲೆಗಳನ್ನು ಎಳೆದೆಳೆದು ತಂದು ಒತ್ತಿ ಕೂರಿಸುತ್ತದೆ. ಹೊರಗೆ ಮುಂಗಾರು ಹೊಡೆಯುತ್ತಿದ್ದರೂ ಒಳಗಿನ ಮೊಟ್ಟೆಗಳು ಬೆಚ್ಚಗಿರುತ್ತವೆ. ವಾರಗಟ್ಟಲೆ ಕಾವಲಿದ್ದು, ಮರಿಗಳು ಹೊರಬರುವ ಮುನ್ನ ತಾಯಿ ಅಲ್ಲಿಂದ ಹೊರಟುಹೋಗುತ್ತದೆ.

2005ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಕಾಳಿಂಗದ ದೇಹದಲ್ಲಿ ಪುಟ್ಟ ರೇಡಿಯೊ ಪ್ರೇಷಕ ಇಟ್ಟು ಅದರ ಓಡಾಟವನ್ನು ಹಿಂಬಾಲಿಸುವ ಅಧ್ಯಯನ 2008ರಲ್ಲಿ ಇಲ್ಲೇ ಆರಂಭವಾಯಿತು. 1836ರಿಂದಲೂ ಏಷ್ಯಾದ ಕಾಳಿಂಗವೆಲ್ಲ ಒಂದೇ ಪ್ರಭೇದ ಎಂದುಕೊಂಡಿದ್ದರು. ಅವು ನಾಲ್ಕು ಪ್ರಭೇದ ಎಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಈಗ ವಿಜ್ಞಾನದ ಹೆಸರು 'ಒಫಿಯೊಫೇಗಸ್ ಕಾಳಿಂಗ'. ನಮ್ಮ ಹಳ್ಳಿಯವರು ಕರೆಯುತ್ತಿದ್ದ ಹೆಸರು ಜಗತ್ತಿನ ಪುಸ್ತಕ ಸೇರಿದ್ದು ನನಗೆ ತುಂಬ ಹೆಮ್ಮೆಯ ವಿಷಯ.

ಒಂದು ಎಚ್ಚರಿಕೆಯೂ ಇರಲಿ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಮದ್ದು ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಕಾಳಿಂಗ ಆ ಪಟ್ಟಿಯಲ್ಲಿಲ್ಲ. ಅದು ಮನುಷ್ಯರನ್ನು ಕಚ್ಚುವುದು ಬಲು ಅಪರೂಪ, ದಾರಿ ಬಿಟ್ಟರೆ ತಾನಾಗಿ ಹೋಗುತ್ತದೆ. ಕಂಡರೆ ದೂರವೇ ನಿಲ್ಲಿ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ.

ತೊರೆಯ ಸದ್ದಿನಲ್ಲಿ ಕಪ್ಪೆಯ ಕೂಗು ಕೇಳಿಸದಿದ್ದರೆ? ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳು ಹಿಂಗಾಲನ್ನು ಚಾಚಿ ಬೆರಳು ಬಿಡಿಸಿ ಬೀಸುತ್ತವೆ. ಪಕ್ಕದ ಗಂಡಿಗೆ 'ಇದು ನನ್ನ ಬಂಡೆ' ಎಂದು ಹೇಳುವ ರೀತಿ ಅದು. ಇಂಥ ಒಂದು ಕಪ್ಪೆಯ ಹೆಸರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರ ಸೇರಿಕೊಂಡಿದೆ. 1937ರಲ್ಲಿ ಅದನ್ನು ವಿವರಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣರಾವ್. ಇಂದಿಗೂ ಹೊರಬರುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ.

ಉತ್ತರ ಕನ್ನಡದ ಕಾಡಿನ ಕುಂಬಾರ ಕಪ್ಪೆಯ ಕೆಲಸ ಇನ್ನೂ ಸೊಗಸು. ತೊರೆಯ ಮೇಲೆ ಬಾಗಿದ ಕಡ್ಡಿಗೆ ಅಂಟಿಸಿದ ಮೊಟ್ಟೆಗಳ ಮೇಲೆ ಗಂಡು ಕಪ್ಪೆ ಮುಂಗೈಯಿಂದ ಕೆಸರು ತಂದು ಮೆತ್ತುತ್ತದೆ. ಇದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ, ಅಂದರೆ ಮೊನ್ನೆ ಮೊನ್ನೆ. ನಮ್ಮ ಕಾಡಿನಲ್ಲಿ ಹೆಸರಿಡಬೇಕಾದ ಜೀವಿಗಳು ಇನ್ನೂ ಇವೆ. ಪ್ರವಾಸಕ್ಕೆ ಬಂದ ಮಕ್ಕಳಲ್ಲೇ ಒಬ್ಬರು ಮುಂದೆ ಆ ಕೆಲಸ ಮಾಡಬಹುದು.

ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಪರಿಚಯ ಬೇಕಿಲ್ಲ. ಕಾದಂಬರಿ ಬಂದದ್ದು 1980ರಲ್ಲಿ. ಓತಿ ನಿಜವಾಗಿಯೂ ಇದೆ, ಅಡಿಕೆ ತೋಟಗಳಲ್ಲೂ ಇದೆ. ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ನಡುವೆ ಚರ್ಮದ ಪೊರೆ. ಅದನ್ನು ಬಿಡಿಸಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತದೆ. ತಿನ್ನುವುದು ಹೆಚ್ಚಾಗಿ ಇರುವೆ. ಗಂಡಿನ ಗಂಟಲ ಕೆಳಗಿನ ಹಳದಿ ಚೀಲ ಆಗಾಗ ಬಿಚ್ಚಿ ಮುಚ್ಚುತ್ತದೆ. ತೊಗಟೆಯ ಬಣ್ಣದ ಓತಿಯನ್ನು ಹುಡುಕಲು ಕಣ್ಣಿಗೆ ಸಿಗುವ ಗುರುತು ಅದೊಂದೇ.

ಕೆಂಪು ಇರುವೆ ಚಗಳಿಯ ಗೂಡು ನೋಡಿದ್ದೀರಾ? ಎಲೆಗಳ ಅಂಚನ್ನು ಸಾಲಾಗಿ ನಿಂತ ಇರುವೆಗಳು ಎಳೆದು ಹಿಡಿದುಕೊಳ್ಳುತ್ತವೆ. ಬೇರೆ ಇರುವೆಗಳು ಬಾಯಲ್ಲಿ ಮರಿಹುಳುಗಳನ್ನು ಕಚ್ಚಿ ತಂದು, ಅವು ಬಿಡುವ ರೇಷ್ಮೆಯಿಂದ ಅಂಚುಗಳನ್ನು ಹೊಲಿಯುತ್ತವೆ. ಮಲೆನಾಡಿನಲ್ಲಿ ಇದೇ ಚಗಳಿಯ ಚಟ್ನಿಯೂ ಉಂಟು.

ಕಿವಿ ಕಿವುಡಾಗುವಂತೆ ಕೂಗುವ ಜೀರುಂಡೆಗಳೆಲ್ಲ ಗಂಡು.

ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಒಳಗಿನಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ವಾರಗಟ್ಟಲೆ ಅದಕ್ಕೂ ಮರಿಗೂ ಆಹಾರ ತರುವುದು ಹೊರಗಿರುವ ಗಂಡು. ಆ ಗಂಡನ್ನು ಯಾರಾದರೂ ಕೊಂದರೆ ಇಡೀ ಸಂಸಾರವೇ ಅಪಾಯಕ್ಕೆ ಸಿಕ್ಕಿಕೊಳ್ಳುತ್ತದೆ. ರಾಮಪತ್ರೆಯಂಥ ದೊಡ್ಡ ಬೀಜದ ಮರಗಳನ್ನು ದೂರ ದೂರಕ್ಕೆ ಬಿತ್ತುವುದೂ ಈ ಹಕ್ಕಿಯೇ.

ಸಿಂಗಳೀಕ ಎಂಬ ಮಂಗ ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಕಾಳುಮೆಣಸು ಕೂಡ ಇದೇ ಘಟ್ಟದ ಕಾಡುಬಳ್ಳಿ, ಇಲ್ಲಿಂದಲೇ ಲೋಕಕ್ಕೆ ಹೋಯಿತು.

ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆ ಹಸಿರಾಗಿ ಹೊಳೆಯುವುದನ್ನು ಆಗುಂಬೆಯವರು ನೋಡಿದ್ದಾರೆ. ಹೊಳೆಯುವುದು ಶಿಲೀಂಧ್ರ. ಕಣ್ಣು ಕತ್ತಲಿಗೆ ಹೊಂದಿಕೊಂಡರೆ ಮಾತ್ರ ಕಾಣುತ್ತದೆ; ಒಂದು ಟಾರ್ಚ್ ಹತ್ತಿದರೂ ಮಾಯ.

2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕರ್ನಾಟಕದ್ದು ಹತ್ತು. ಆಗುಂಬೆಯ ಕಾಯ್ದಿಟ್ಟ ಅರಣ್ಯ, ಪಕ್ಕದ ಸೋಮೇಶ್ವರ ವನ್ಯಧಾಮ ಎರಡೂ ಅದರಲ್ಲಿವೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದ ದೊಡ್ಡಮನೆ ಇದೇ ಊರಿನದು ಎಂದು ಮಕ್ಕಳಿಗೆ ಹೇಳಿದರೆ ಊರಿನ ಮೇಲೆ ಇನ್ನೊಂದಿಷ್ಟು ಪ್ರೀತಿ ಬಂದೀತು.

ಯಾವಾಗ ಹೋಗುವುದು? ಮಳೆ ಜೋರಿರುವಾಗ ಮಕ್ಕಳನ್ನು ತೊರೆ, ಜಲಪಾತಗಳ ಹತ್ತಿರ ಒಯ್ಯುವುದು ಸಲ್ಲದು. ಶಾಲೆಗಳು ಹೆಚ್ಚಾಗಿ ಹೊರಡುವ ಡಿಸೆಂಬರ್‌ನಲ್ಲಿ ದಾರಿ ಸಲೀಸು, ಆದರೆ ಕಪ್ಪೆ, ಅಣಬೆಗಳು ಬಹುಪಾಲು ಮರೆಯಾಗಿರುತ್ತವೆ. ಮಳೆ ಇಳಿದು ನೆಲ ಇನ್ನೂ ಒದ್ದೆಯಿರುವ ಅಕ್ಟೋಬರ್ ನನ್ನ ಲೆಕ್ಕದಲ್ಲಿ ಅತ್ಯುತ್ತಮ. ಘಟ್ಟದಲ್ಲಿ 14 ಹಿಮ್ಮುರಿ ತಿರುವುಗಳಿವೆ, ಭಾರಿ ವಾಹನಗಳಿಗೆ ನಿರ್ಬಂಧವಿದೆ. ದೊಡ್ಡ ಬಸ್ ಗೊತ್ತು ಮಾಡುವ ಮೊದಲು ವಿಚಾರಿಸಿ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕಾಡಿನಲ್ಲಿ ಮಕ್ಕಳನ್ನು ಸಾಲಾಗಿ ನಡೆಸಿ ಮುಗಿಸಿಬಿಡಬೇಡಿ. ಬಿದ್ದ ಮರವೊಂದರ ಸುತ್ತ ಅರ್ಧ ಗಂಟೆ ಸುಮ್ಮನೆ ಕೂರಿಸಿ. ಮೊದಲ ಹತ್ತು ನಿಮಿಷ ಪಿಸುಮಾತು, ನಗು ಇದ್ದೇ ಇರುತ್ತದೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕಾಣತೊಡಗುತ್ತದೆ. ಆನೆ, ಹುಲಿ ಕಾಣಲಿಲ್ಲ ಎಂದು ಬೇಸರದಿಂದ ಬಸ್ ಹತ್ತುವ ಮಗುವಿಗೆ ಮಳೆಕಾಡನ್ನು ನಾವು ತೋರಿಸಿಯೇ ಇಲ್ಲ ಎಂದರ್ಥ. ಇಲ್ಲಿನ ಬೆರಗೆಲ್ಲ ಬೆರಳುದ್ದದ ಜೀವಗಳಲ್ಲಿದೆ, ಅದಕ್ಕೆ ವೇಳೆ ಬೇಕು.

ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ, ಸಂಶೋಧನಾ ಕೇಂದ್ರಕ್ಕೂ ಮೊದಲೇ ತಿಳಿಸಿಯೇ ಹೋಗಬೇಕು. ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯಲು ಇಲಾಖೆಯದೇ 'ಚಿಣ್ಣರ ವನದರ್ಶನ' ಕಾರ್ಯಕ್ರಮವಿದೆ. ನಿಮ್ಮೂರ ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ವಿಷಯ ತಿಳಿಸಿ, ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ನೋಡಲು ಹೇಳಿ.